ಮಿಸಿಸಿಪ್ಪಿಯ ಒಂದು ಮರಣಪತ್ರ ಮತ್ತು ಅದರ ಹಿಂಬದಿ

ರಾಬರ್ಟ್ ಜಾನ್ಸನ್ ತೀರಿಕೊಂಡದ್ದು 1938ರ ಆಗಸ್ಟ್ 16ರಂದು, ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಗ್ರೀನ್‌ವುಡ್ ಪಟ್ಟಣದ ಹೊರಗೆ. ಗಿಟಾರ್ ನುಡಿಸಿಕೊಂಡು ಊರೂರು ತಿರುಗುತ್ತಿದ್ದ ಬ್ಲೂಸ್ ಹಾಡುಗಾರ. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಒಂದು ಹಾಡಿನ ಬಗೆ. ವಯಸ್ಸು 27 ಇರಬಹುದು. 1936ರ ನವೆಂಬರ್‌ನಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ, 1937ರ ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ ಧ್ವನಿಮುದ್ರಣ ಮಾಡಿ ಒಟ್ಟು 29 ಹಾಡು ಬಿಟ್ಟುಹೋದರು. ಇವತ್ತು ಗಿಟಾರ್ ಹಿಡಿದು ಬ್ಲೂಸ್ ಕಲಿಯುವ ಯಾರೂ ಆ ಹಾಡುಗಳನ್ನು ದಾಟಿ ಹೋಗುವುದಿಲ್ಲ. ಆದರೆ ಅವರು ಎಲ್ಲಿ ಸತ್ತರು, ಯಾವತ್ತು ಸತ್ತರು ಅನ್ನುವುದಕ್ಕೆ ಒಂದು ಕಾಗದ ಹೊರಗಿನವರ ಕೈಗೆ ಸಿಗಲು 30 ವರ್ಷ ಹಿಡಿಯಿತು.

ಅಮೆರಿಕದಲ್ಲಿ ವಂಶದ ಇತಿಹಾಸ ಹುಡುಕುವವರಿಗೆ ಎಲ್ಲರೂ ಹೇಳುವ ದಾರಿ ಒಂದೇ. ಸಾವಾದ ಕೌಂಟಿ ಯಾವುದು ಅಂತ ನೋಡಿ, ಮರಣ ದಾಖಲೆ ತರಿಸಿ, ಆ ವಾರದ ಊರ ಪತ್ರಿಕೆಯಲ್ಲಿ ನಿಧನ ವಾರ್ತೆ ಹುಡುಕಿ. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. ದಾರಿಯೇನೋ ಸರಿ. ಆದರೆ ಸತ್ತವರು ಬಡವರು, ಅಲೆಮಾರಿ, ಅದರಲ್ಲೂ 1930ರ ದಶಕದ ದಕ್ಷಿಣದ ಕಪ್ಪು ಜನ ಆಗಿದ್ದರೆ ಈ ದಾರಿ ಎಲ್ಲಿ ಕಡಿದುಹೋಗುತ್ತದೆ, ಎಲ್ಲಿ ಮತ್ತೆ ಸಿಗುತ್ತದೆ ಅನ್ನುವುದನ್ನು ಜಾನ್ಸನ್ ಪ್ರಕರಣ ತೋರಿಸಿದಷ್ಟು ಚೆನ್ನಾಗಿ ಇನ್ನಾವುದೂ ತೋರಿಸುವುದಿಲ್ಲ ಅಂತ ನನಗೆ ಅನಿಸುತ್ತದೆ. ಮರಣಪತ್ರವನ್ನು ಓದುವ ರೀತಿಯನ್ನೇ ಅದು ಬದಲಾಯಿಸುತ್ತದೆ. ಪತ್ರದ ಒಂದೊಂದು ಸಾಲನ್ನೂ ಯಾರೋ ಒಬ್ಬರು ಹೇಳಿರುತ್ತಾರೆ, ಇನ್ನೊಬ್ಬರು ಬರೆದಿರುತ್ತಾರೆ. ಹೇಳಿದವರು ಯಾರು, ಅವರಿಗೆ ಎಷ್ಟು ಗೊತ್ತಿತ್ತು, ಹಾಗೆ ಹೇಳುವುದರಿಂದ ಅವರಿಗೇನು ಲಾಭ ಅಂತ ಕೇಳದೆ ಆ ಸಾಲನ್ನು ವಂಶವೃಕ್ಷಕ್ಕೆ ಏರಿಸಬಾರದು.

ಕಾಗದ ಸಿಗುವ ಮುಂಚೆ

1938ರ ಕೊನೆಗೆ ಜಾನ್ ಹ್ಯಾಮಂಡ್ ಎನ್ನುವ ಸಂಗೀತ ಸಂಘಟಕರು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಕಪ್ಪು ಸಂಗೀತದ ಒಂದು ದೊಡ್ಡ ಕಛೇರಿ ಇಟ್ಟುಕೊಂಡಿದ್ದರು. ಡಿಸೆಂಬರ್ 23ಕ್ಕೆ. ಅದಕ್ಕೆ ಜಾನ್ಸನ್ ಅವರನ್ನು ಕರೆಸಲು ಹುಡುಕಿಸಿದರು. ಆಗ ಗೊತ್ತಾಯಿತು, ಅವರು ಇಲ್ಲ ಅಂತ. ಕಛೇರಿಗೆ ಬಿಗ್ ಬಿಲ್ ಬ್ರೂನ್ಜಿ ಬಂದು ಹಾಡಿದರು. ಜಾನ್ಸನ್ ಅವರ ಎರಡು ರೆಕಾರ್ಡುಗಳನ್ನು ವೇದಿಕೆಯ ಮೇಲಿಂದ ಕೇಳಿಸಿದರು. ಸಾವು ಮೊನ್ನೆ ಮೊನ್ನೆ ಆದದ್ದು ಎನ್ನುವ ಅರ್ಥ ಬರುವಂತೆ ಹ್ಯಾಮಂಡ್ ಆಗ ಮಾತಾಡಿದ್ದರು. ನಿಜವಾಗಿ ಆಗಲೇ ನಾಲ್ಕು ತಿಂಗಳಾಗಿತ್ತು. ಹ್ಯಾಮಂಡ್ ಸುಳ್ಳು ಹೇಳಿದರು ಅಂತಲ್ಲ. ಸುದ್ದಿ ಅವರಿಗೆ ತಲುಪಿದ ದಿನವೇ ಸಾವಿನ ದಿನ ಅನ್ನಿಸಿಬಿಟ್ಟಿತು. ಮನೆಯ ಹಿರಿಯರು ಹೇಳುವ ತಾರೀಕುಗಳಲ್ಲೂ ಹೀಗೇ ಆಗುತ್ತದೆ. ದೂರದ ಊರಿಗೆ ಕಾಗದ ಬಂದ ತಿಂಗಳೇ ಸಾವಿನ ತಿಂಗಳಾಗಿ ನೆನಪಿನಲ್ಲಿ ಉಳಿದುಬಿಡುತ್ತದೆ. ಅದಕ್ಕೇ ಯಾರಾದರೂ ಹೇಳಿದ ತಾರೀಕಿನಿಂದ ಮುಂದಕ್ಕಲ್ಲ, ಹಿಂದಕ್ಕೆ ಜಾಸ್ತಿ ಹುಡುಕಬೇಕು.

ಸಾವು ಹೇಗಾಯಿತು ಅನ್ನುವುದರಲ್ಲೂ ಗೊಂದಲ. ಜಾನ್ಸನ್ ಅವರನ್ನು ಹುಡುಗನಾಗಿದ್ದಾಗಿನಿಂದ ಕಂಡಿದ್ದ ಹಿರಿಯ ಗಾಯಕ ಸನ್ ಹೌಸ್, 1960ರ ದಶಕದಲ್ಲಿ ಕೇಳಿದಾಗ, ತಮಗೆ ಮೂರು ಥರ ಸುದ್ದಿ ಬಂತು ಎಂದರು. ಮೊದಲು ಯಾರೋ ಇರಿದರು ಅಂತ. ಆಮೇಲೆ ಒಬ್ಬ ಹೆಂಗಸು ವಿಷ ಹಾಕಿದಳು ಅಂತ. ಆಮೇಲೆ ಮತ್ತೇನೋ. 1961ರಲ್ಲಿ ಕೊಲಂಬಿಯಾ ಕಂಪನಿ ಆ ಹಾಡುಗಳನ್ನು ಎಲ್‌ಪಿ ಮಾಡಿ ಹೊರತಂದಾಗ ಸಾವಿರಾರು ಜನ ಕೇಳಿದರು. ಹಾಡಿದವರ ಬಗ್ಗೆ ಮಾತ್ರ ಯಾರ ಹತ್ತಿರವೂ ಒಂದು ಗಟ್ಟಿ ಕಾಗದ ಇರಲಿಲ್ಲ.

ಆಗ ಗೇಲ್ ಡೀನ್ ವಾರ್ಡ್ಲೋ ಹುಡುಕಲು ಶುರು ಮಾಡಿದರು. ಮಿಸಿಸಿಪ್ಪಿಯಲ್ಲೇ ಬೆಳೆದ ಪತ್ರಕರ್ತ. ಕಪ್ಪು ಜನರ ಕೇರಿಗಳಲ್ಲಿ ಬಾಗಿಲು ತಟ್ಟಿ ಹಳೆಯ 78 ಆರ್‌ಪಿಎಂ ರೆಕಾರ್ಡು ಕೊಳ್ಳುತ್ತಿದ್ದವರು. ರೆಕಾರ್ಡು ಹುಡುಕುತ್ತಾ ಹುಡುಕುತ್ತಾ ಹಾಡಿದವರನ್ನೂ ಹುಡುಕತೊಡಗಿದರು. ಬೇರೆಯವರು ನೆನಪುಗಳನ್ನು ಟೇಪ್ ಮಾಡುತ್ತಿದ್ದ ಕಾಲದಲ್ಲಿ ಅವರಿಗೆ ಹೊಳೆದದ್ದು ಸರಳ ವಿಷಯ: ಮಿಸಿಸಿಪ್ಪಿಯಲ್ಲಿ ಸತ್ತಿದ್ದರೆ ಸರ್ಕಾರಕ್ಕೆ ಒಂದು ಪತ್ರ ಹೋಗಿರಲೇಬೇಕು.

ಪತ್ರ ಇರುವುದೆಲ್ಲಿ

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದರೆ ಹೊಸಬರು ಎಡವುವುದು ಇಲ್ಲೇ. ಕೌಂಟಿಯ ಮರಣ ದಾಖಲೆ ಅಂದ ಮಾತ್ರಕ್ಕೆ ಅದು ಕೌಂಟಿ ಆಫೀಸಿನಲ್ಲಿ ಇರುತ್ತದೆ ಅಂತಲ್ಲ. ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಒಹಾಯೊದಲ್ಲಿ 1867ರಿಂದ 1908ರವರೆಗಿನ ಸಾವುಗಳು ಆಯಾ ಕೌಂಟಿಯ ಪ್ರೊಬೇಟ್ ಕೋರ್ಟಿನ, ಅಂದರೆ ಉಯಿಲು ಆಸ್ತಿ ವಿಷಯ ನೋಡುವ ಕೋರ್ಟಿನ, ಪುಸ್ತಕದಲ್ಲಿವೆ. ಇಂಡಿಯಾನಾದಲ್ಲಿ 1882ರಿಂದ ಕೌಂಟಿಯ ಆರೋಗ್ಯ ಇಲಾಖೆ ಬರೆದಿಟ್ಟುಕೊಂಡಿತು. ಮಿಸಿಸಿಪ್ಪಿಯಲ್ಲಿ ಇಡೀ ರಾಜ್ಯಕ್ಕೆ ಮರಣ ನೋಂದಣಿ ಶುರುವಾದದ್ದೇ 1912ರ ನವೆಂಬರ್ 1ರಿಂದ. ಅಲ್ಲಿ ಸ್ಥಳೀಯ ರಿಜಿಸ್ಟ್ರಾರ್ ಪತ್ರ ತುಂಬಿಸಿ ರಾಜಧಾನಿ ಜಾಕ್ಸನ್‌ಗೆ ಕಳಿಸುತ್ತಿದ್ದರು. ಹಾಗಾಗಿ ಗ್ರೀನ್‌ವುಡ್ ಇರುವ ಲಿಫ್ಲೋರ್ ಕೌಂಟಿಯಲ್ಲಿ ಆದ ಸಾವಿಗೆ ಗ್ರೀನ್‌ವುಡ್‌ನ ಕೋರ್ಟ್‌ಹೌಸ್‌ಗೆ ಹೋಗಿ ಕೇಳಿದರೆ ಬರಿಗೈಯಲ್ಲಿ ವಾಪಸ್ ಬರಬೇಕು. ಪತ್ರ ರಾಜ್ಯದ ಹತ್ತಿರ ಇದೆ.

ಹಾಗಂತ ಕೋರ್ಟ್‌ಹೌಸ್ ಬೇಡ ಅಂತಲ್ಲ. ಮಿಸಿಸಿಪ್ಪಿಯ ಕೌಂಟಿಗಳಲ್ಲಿ ಮದುವೆಯ ದಾಖಲೆ ಸರ್ಕ್ಯೂಟ್ ಕ್ಲರ್ಕ್ ಹತ್ತಿರ ಇರುತ್ತದೆ. ಆಸ್ತಿ, ಉಯಿಲು, ವಾರಸುದಾರಿಕೆಯ ಕಡತ ಚಾನ್ಸರಿ ಕ್ಲರ್ಕ್ ಹತ್ತಿರ. ಈ ಎರಡು ಕೌಂಟರ್‌ಗಳ ವ್ಯತ್ಯಾಸ ಗೊತ್ತಿಲ್ಲದೆ ಹೋದವರು ಅರ್ಧ ದಿನ ಸುಮ್ನೆ ಕಳೆಯುತ್ತಾರೆ. ಇನ್ನೊಂದು, ಕೌಂಟಿಯ ಗಡಿಗಳೂ ಬದಲಾಗುತ್ತವೆ. ಲಿಫ್ಲೋರ್ ಕೌಂಟಿ ಹುಟ್ಟಿದ್ದೇ 1871ರಲ್ಲಿ, ಅಕ್ಕಪಕ್ಕದ ಕೌಂಟಿಗಳಿಂದ ನೆಲ ಕತ್ತರಿಸಿ. ಅದಕ್ಕಿಂತ ಹಿಂದಿನವರನ್ನು ಹುಡುಕುವವರು ಹಳೆಯ ತಾಯಿ ಕೌಂಟಿಗೆ ಹೋಗಬೇಕು.

ವಾರ್ಡ್ಲೋ ಅವರ ಕಷ್ಟ ಬೇರೆಯದು. ಮಿಸಿಸಿಪ್ಪಿಯಲ್ಲಿ 82 ಕೌಂಟಿ. ರಾಬರ್ಟ್ ಅನ್ನುವ ಹೆಸರೂ ಸಾಮಾನ್ಯ, ಜಾನ್ಸನ್ ಅನ್ನುವುದು ಇನ್ನೂ ಸಾಮಾನ್ಯ. ಇವತ್ತು ನಮಗೆ ಒದಗುವ ಬೇರೆ ಆಸರೆಗಳೂ ಆಗ ಇರಲಿಲ್ಲ. ಅಮೆರಿಕದ ಜನಗಣತಿಯ ಹಾಳೆಗಳನ್ನು 72 ವರ್ಷ ಮುಚ್ಚಿಡುತ್ತಾರೆ. 1910ರ ಹಾಳೆ ತೆರೆದದ್ದು 1982ರಲ್ಲಿ, 1920ರದ್ದು 1992ರಲ್ಲಿ, 1930ರದ್ದು 2002ರಲ್ಲಿ. ಅಂದರೆ 1960ರ ದಶಕದಲ್ಲಿ ಹುಡುಕುತ್ತಿದ್ದವರಿಗೆ ಜಾನ್ಸನ್ ಬದುಕಿದ್ದ ಕಾಲದ ಒಂದು ಗಣತಿ ಹಾಳೆಯೂ ನೋಡಲು ಸಿಗುತ್ತಿರಲಿಲ್ಲ. ಇನ್ನು ಈಗ ಎಲ್ಲರೂ ಮೊದಲು ತೆರೆಯುವ ಸೋಷಿಯಲ್ ಸೆಕ್ಯುರಿಟಿ (ಅಮೆರಿಕ ಸರ್ಕಾರದ ಪಿಂಚಣಿ ಯೋಜನೆ) ಮರಣ ಸೂಚಿ. ಅದರಲ್ಲಿ ಬಹುಪಾಲು ಹೆಸರುಗಳು 1962ರ ನಂತರದವು. ಮೇಲಾಗಿ 1935ರ ಸೋಷಿಯಲ್ ಸೆಕ್ಯುರಿಟಿ ಕಾನೂನು ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತ್ತು. ದಕ್ಷಿಣದ ಕಪ್ಪು ಜನರಲ್ಲಿ ಹೆಚ್ಚಿನವರ ದುಡಿಮೆ ಅದೇ ಎರಡು. ನಿಮ್ಮ ಹುಡುಕಾಟದಲ್ಲಿ ಆ ಸೂಚಿಯಲ್ಲಿ ಹೆಸರು ಕಾಣಲಿಲ್ಲ ಅಂದರೆ ಮನುಷ್ಯ ಇರಲಿಲ್ಲ ಅಂತ ಅರ್ಥ ಅಲ್ಲ. ಅವರನ್ನು ಬರೆದುಕೊಳ್ಳಲು ಆ ಕಾನೂನಿಗೆ ಮನಸ್ಸಿರಲಿಲ್ಲ, ಅಷ್ಟೇ.

ಮುಂಬದಿ

1968ರಲ್ಲಿ ಪತ್ರ ಸಿಕ್ಕಿತು. ಸಾವಿನ ಜಾಗ ಲಿಫ್ಲೋರ್ ಕೌಂಟಿ, ಗ್ರೀನ್‌ವುಡ್ ಪಟ್ಟಣದ ಹೊರಗೆ. ತಾರೀಕು ಆಗಸ್ಟ್ 16, 1938. ವಯಸ್ಸು 26. ಕಸುಬು ಸಂಗೀತಗಾರ. ಹುಟ್ಟಿದ್ದು ಹೇಝಲ್‌ಹರ್ಸ್ಟ್. ತಂದೆ ನೋವಾ ಜಾನ್ಸನ್, ತಾಯಿ ಜೂಲಿಯಾ ಮೇಜರ್. ಹೂಳಿದ ಜಾಗ ಝಯಾನ್ ಚರ್ಚ್. ಮಾಹಿತಿ ಕೊಟ್ಟವರು ಜಿಮ್ ಮೂರ್. ಸಾವಿಗೆ ಕಾರಣ ಬರೆಯಬೇಕಾದ ಜಾಗದಲ್ಲಿ ಎರಡೇ ಪದ: ಡಾಕ್ಟರ್ ಇಲ್ಲ.

ಇದನ್ನು ಒಂದೇ ಉಸಿರಿಗೆ ಓದಿಬಿಡಬೇಡಿ. ಈ ಸಾಲುಗಳೆಲ್ಲ ಒಂದೇ ತೂಕದವಲ್ಲ. ಸಾವಿನ ತಾರೀಕು, ಹೂಳಿದ ಜಾಗ, ಇವನ್ನು ಹೇಳಿದವರು ಆಗ ಅಲ್ಲೇ ಇದ್ದವರು, ಘಟನೆ ನಡೆದು ಬಹಳ ದಿನ ಕಳೆದಿರಲಿಲ್ಲ. ಅಲ್ಲಿ ನಂಬಿಕೆ ಜಾಸ್ತಿ ಇಡಬಹುದು. ವಯಸ್ಸು, ಹುಟ್ಟಿದ ಊರು, ಅಪ್ಪ ಅಮ್ಮನ ಹೆಸರು, ಇವನ್ನು ಹೇಳಬಲ್ಲವರು ಬದುಕಿಲ್ಲ. ಇನ್ನೊಬ್ಬರು ಕೇಳಿ ತಿಳಿದದ್ದನ್ನು ಹೇಳಿರುತ್ತಾರೆ. ವಂಶ ಹುಡುಕುವವರಿಗೆ ಬೇಕಾಗಿರುವುದು ಮಾತ್ರ ಇದೇ ಎರಡನೆಯ ಗುಂಪು. ಮರಣಪತ್ರದ ತೊಡಕೇ ಅದು. ನಮಗೆ ತುಂಬಾ ಬೇಕಾದ ವಿಷಯವನ್ನೇ ಅದು ಕೇಳಿದ ಮಾತಿನ ಮೇಲೆ ಬರೆದಿರುತ್ತದೆ.

ಹಾಗಾದರೆ ಜಿಮ್ ಮೂರ್ ಮಾತು ಎಷ್ಟು ನಂಬಬಹುದು? ಪತ್ರದಿಂದ ಅವರ ಬಗ್ಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಆದರೆ ಅವರು ಹೇಳಿದ್ದನ್ನು ನೋಡಿ. ಗ್ರೀನ್‌ವುಡ್ ಸುತ್ತಮುತ್ತಲಿನ ಹೊಲಗಳಿಂದ ಹೇಝಲ್‌ಹರ್ಸ್ಟ್ ತುಂಬಾ ದಕ್ಷಿಣಕ್ಕೆ, ಕೊಪಾಯಾ ಕೌಂಟಿಯಲ್ಲಿದೆ. ಎರಡು ಮೂರು ವಾರದ ಹಿಂದೆ ಬಂದ ಹಾಡುಗಾರನ ಹುಟ್ಟೂರು, ಜೊತೆಗೆ ತಾಯಿಯ ತವರಿನ ಹೆಸರು, ಇವೆರಡೂ ದಾರಿಹೋಕನಿಗೆ ಗೊತ್ತಿರುವ ವಿಷಯಗಳಲ್ಲ. ಮೂರ್ ಅವರು ಜಾನ್ಸನ್ ಅವರನ್ನು ಚೆನ್ನಾಗಿ ಬಲ್ಲವರು, ಇಲ್ಲವೇ ಬಲ್ಲವರಿಂದ ಕೇಳಿಕೊಂಡವರು. ಮುಂದೆ ಮನೆಯವರು ಸಿಕ್ಕಾಗ ಅಪ್ಪ ಅಮ್ಮನ ಹೆಸರು, ಹುಟ್ಟೂರು, ಎಲ್ಲ ಸರಿಯಾಗೇ ಹೊಂದಿತು. ವಯಸ್ಸು ಮಾತ್ರ ಹೊಂದಲಿಲ್ಲ. ಮನೆಯವರ ನೆನಪಿನಲ್ಲಿ ಹುಟ್ಟಿದ್ದು 1911ರ ಮೇ 8. ಆ ಲೆಕ್ಕಕ್ಕೆ 27 ಆಗಬೇಕು. ಹೀಗೆ ಒಂದು ವರ್ಷದ ಆಚೀಚೆ ಬಂದರೆ ಬೇರೆ ಮನುಷ್ಯ ಅಂತ ಪತ್ರವನ್ನು ಪಕ್ಕಕ್ಕಿಡಬಾರದು. ಇಂಡೆಕ್ಸ್‌ನಲ್ಲಿ ಹುಡುಕುವಾಗ ನಾನು ವಯಸ್ಸಿಗೆ ಐದು ವರ್ಷದ ಸಡಿಲ ಕೊಡಿ ಅನ್ನುತ್ತೇನೆ. ಹೆಸರಿನ ಅಕ್ಷರಗಳಿಗೆ ಅದಕ್ಕಿಂತ ಜಾಸ್ತಿ.

ಹಿಂಬದಿ

ನನ್ನ ಮಟ್ಟಿಗೆ ಈ ಪ್ರಕರಣದ ಜೀವ ಇರುವುದು ಪತ್ರದ ಹಿಂಬದಿಯಲ್ಲಿ. ಮುಂಬದಿ ಸಿಕ್ಕಿ ಎಷ್ಟೋ ವರ್ಷದ ಮೇಲೆ, 1990ರ ದಶಕದಲ್ಲಿ, ಅಲ್ಲಿನ ಬರಹವನ್ನು ವಾರ್ಡ್ಲೋ ಹೊರಗೆ ತಂದರು.

ಡಾಕ್ಟರ್ ನೋಡದ ಸಾವುಗಳ ಬಗ್ಗೆ ರಾಜ್ಯದ ಕಚೇರಿಗೆ ಇನ್ನಷ್ಟು ವಿವರ ಬೇಕಿತ್ತು. ಹಾಗಾಗಿ ಲಿಫ್ಲೋರ್ ಕೌಂಟಿಯ ರಿಜಿಸ್ಟ್ರಾರ್ ಕೊರ್ನೀಲಿಯಾ ಜೋರ್ಡನ್ ವಿಚಾರಿಸಿ, ತಿಳಿದದ್ದನ್ನು ಹಿಂಬದಿಯಲ್ಲಿ ಬರೆದರು. ಯಾರ ಜಮೀನಿನಲ್ಲಿ ಸಾವಾಯಿತೋ ಆ ಬಿಳಿಯ ಮಾಲೀಕನ ಹತ್ತಿರ ಮಾತಾಡಿದೆ, ಅಲ್ಲಿದ್ದ ಒಬ್ಬ ಕಪ್ಪು ಹೆಂಗಸಿನ ಹತ್ತಿರವೂ ಮಾತಾಡಿದೆ ಅಂತ ಮೊದಲೇ ಹೇಳುತ್ತಾರೆ. ಆಮೇಲೆ ಮಾಲೀಕ ಹೇಳಿದ್ದು. ಸುಮಾರು 26ರ ಈ ಮನುಷ್ಯ ಎರಡು ಮೂರು ವಾರದ ಹಿಂದೆ ಟ್ಯುನಿಕಾ ಕಡೆಯಿಂದ ಬಂದ. ಜಮೀನಿನಲ್ಲಿ ಕಪ್ಪು ಜನ ಇಟ್ಟುಕೊಂಡಿದ್ದ ಕುಣಿತಕ್ಕೆ ಬ್ಯಾಂಜೊ ನುಡಿಸಲು ಬಂದವನು. ಹತ್ತಿ ಬಿಡಿಸುವ ಕೆಲಸ ಮಾಡ್ತೀನಿ ಅಂತ ಅಲ್ಲಿಯವರ ಮನೆಯಲ್ಲೇ ಉಳಿದುಕೊಂಡ. ತನ್ನ ಹತ್ತಿರ ಕೆಲಸ ಮಾಡಿದವನಲ್ಲವಾದ್ದರಿಂದ ಮಾಲೀಕ ಡಾಕ್ಟರನ್ನು ಕರೆಸಲಿಲ್ಲ. ಕೌಂಟಿ ಕೊಟ್ಟ, ಕೈಯಲ್ಲೇ ಮಾಡಿದ ಮರದ ಪೆಟ್ಟಿಗೆಯಲ್ಲಿ ಹೂಳಿದರು. ಸತ್ತದ್ದು ಸಿಫಿಲಿಸ್‌ನಿಂದ ಇರಬೇಕು ಅಂತ ಮಾಲೀಕನ ಅಭಿಪ್ರಾಯ.

ಎಷ್ಟು ಸಲ ಓದಿದರೂ ನನ್ನ ಕಣ್ಣು ನಿಲ್ಲುವುದು ಡಾಕ್ಟರನ್ನು ಯಾಕೆ ಕರೆಸಲಿಲ್ಲ ಎನ್ನುವ ಸಾಲಿನಲ್ಲಿ. ಕೂಲಿಯಾಳಲ್ಲ, ಅದಕ್ಕೆ ಕರೆಸಲಿಲ್ಲ. ಅದನ್ನು ಹೇಳಿಕೊಳ್ಳಲು ಮಾಲೀಕನಿಗೆ ನಾಚಿಕೆ ಇರಲಿಲ್ಲ. ಸರ್ಕಾರಿ ಕಾಗದದಲ್ಲಿ ಬರೆದುಕೊಳ್ಳಲು ರಿಜಿಸ್ಟ್ರಾರ್‌ಗೂ ಅಡ್ಡಿ ಅನ್ನಿಸಲಿಲ್ಲ. ಮುಂಬದಿಯ ಎರಡು ಪದದ ಹಿಂದೆ ಇಷ್ಟು ಇತ್ತು.

ಈಗ ಇದನ್ನು ಸಾಕ್ಷಿಯಾಗಿ ತೂಗಿ ನೋಡೋಣ. ಬ್ಯಾಂಜೊ ಅನ್ನುವುದು ತಪ್ಪು. ಜಾನ್ಸನ್ ಗಿಟಾರ್ ವಾದಕ. ಅಂದರೆ ಮಾಲೀಕ ಹತ್ತಿರದಿಂದ ಗಮನಿಸಿದವನಲ್ಲ. ಟ್ಯುನಿಕಾ ಕಡೆಯಿಂದ ಬಂದ ಅನ್ನುವುದು ಸರಿ ಇರಬಹುದು, ಜಾನ್ಸನ್ ಬೆಳೆದದ್ದು ಆ ಕೌಂಟಿಯ ರಾಬಿನ್ಸನ್‌ವಿಲ್ ಸುತ್ತ. ಸಿಫಿಲಿಸ್ ಮಾತು ವೈದ್ಯರದ್ದಲ್ಲ. ತನ್ನ ಜಮೀನಿನಲ್ಲಿ ಸತ್ತವರಿಗೆ ಡಾಕ್ಟರ್ ತೋರಿಸದ ಮನುಷ್ಯ ಹೇಳಿದ್ದು. ಕೊಲೆ ಅನ್ನುವ ಮಾತು ಬಂದರೆ ಶೆರಿಫ್ ಬರಬೇಕಾಗುತ್ತದೆ, ಕಾಯಿಲೆ ಅಂದರೆ ಅಲ್ಲಿಗೆ ಮುಗಿಯಿತು ಅಲ್ವಾ? ಅವನ ಮನಸ್ಸಿನಲ್ಲಿ ಅದೇ ಇತ್ತು ಅಂತ ನಾನು ಹೇಳಲಾರೆ. ಆದರೆ ಹಾಗೆ ಹೇಳುವುದು ಅವನಿಗೆ ಅನುಕೂಲ ಅನ್ನುವುದನ್ನು ಓದುವವರು ಗುರುತು ಹಾಕಿಕೊಳ್ಳಬೇಕು.

ಇನ್ನೊಂದು ಕಡೆಯ ಮಾತೂ ಇದೆ. ಆ ದಿನಗಳಲ್ಲಿ ಜಾನ್ಸನ್ ಜೊತೆ ನುಡಿಸಿದ ಡೇವಿಡ್ ‘ಹನಿಬಾಯ್’ ಎಡ್ವರ್ಡ್ಸ್, ಒಂದು ಕುಣಿತದ ಮನೆಯಲ್ಲಿ ಹೊಟ್ಟೆಕಿಚ್ಚಿನ ಗಂಡನೊಬ್ಬ ವಿಸ್ಕಿಗೆ ವಿಷ ಬೆರೆಸಿ ಕೊಡಿಸಿದ ಅಂತ ಕೊನೆಯವರೆಗೂ ಹೇಳುತ್ತಿದ್ದರು. ಅವರು ಅಲ್ಲಿದ್ದವರು, ಆದರೆ ಹೇಳಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಪತ್ರ ಆ ಕಾಲದ್ದೇ, ಆದರೆ ಹೇಳಿದವನಿಗೆ ಸತ್ತವರ ಬಗ್ಗೆ ಕಾಳಜಿ ಇರಲಿಲ್ಲ. ಕಾರಣ ಏನು ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ.

ರಿಜಿಸ್ಟ್ರಾರ್ ಮಾತಾಡಿಸಿದ ಆ ಹೆಂಗಸು ಏನು ಹೇಳಿದರು? ಅದು ಪತ್ರದಲ್ಲಿ ಇಲ್ಲ. ಅವರ ಹೆಸರೂ ಇಲ್ಲ. ಮನೆಯೊಳಗೆ ನಡೆದದ್ದನ್ನು ಕಂಡಿರಬಹುದಾದ ಒಬ್ಬರೇ ಒಬ್ಬರ ಮಾತು ಬರಹಕ್ಕೆ ಬಾರದೆ ಹೋಯಿತು. ನನಗೆ ಇದು ತುಂಬಾ ಕಾಡುತ್ತದೆ.

ನಿಮ್ಮ ಹುಡುಕಾಟಕ್ಕೆ ಇದರಿಂದ ಬರುವ ಕೆಲಸ ಒಂದು. ಸಿಗುವ ಪ್ರತಿ ಪುಟಕ್ಕೂ ಹಿಂದೆ ಏನಾದರೂ ಬರೆದಿದೆಯೇ ಅಂತ ಕೇಳಿ. ಫ್ಯಾಮಿಲಿಸರ್ಚ್‌ನಂಥ ಉಚಿತ ತಾಣದಲ್ಲಿ ಪತ್ರದ ಚಿತ್ರ ಸಿಕ್ಕಿದರೆ ಮುಂದಿನ ಒಂದು ಚಿತ್ರ, ಹಿಂದಿನ ಒಂದು ಚಿತ್ರವನ್ನೂ ತೆರೆದು ನೋಡಿ. ತಿದ್ದುಪಡಿ, ಅಫಿಡವಿಟ್, ರಿಜಿಸ್ಟ್ರಾರ್ ಟಿಪ್ಪಣಿ ಅಲ್ಲೇ ಪಕ್ಕದಲ್ಲಿ ಇರುತ್ತದೆ. ಬರೀ ಇಂಡೆಕ್ಸ್ ಸಾಲನ್ನು ನಕಲು ಮಾಡಿಕೊಂಡವರಿಗೆ ಅದು ಯಾವತ್ತೂ ಕಾಣುವುದಿಲ್ಲ. ಅಂಚೆಯಲ್ಲಿ ತರಿಸುವುದಾದರೆ ಮೂಲ ಪತ್ರದ ಎರಡೂ ಬದಿಯ ಪೂರ್ತಿ ಪ್ರತಿ ಬೇಕು ಅಂತ ಬಿಡಿಸಿ ಬರೆಯಿರಿ. ಕಂಪ್ಯೂಟರಿನಿಂದ ಹೊಸದಾಗಿ ಅಚ್ಚು ಹಾಕಿ ಕೊಡುವ ಸರ್ಟಿಫಿಕೇಟು ಬ್ಯಾಂಕಿಗೆ ಸಾಕು, ವಂಶದ ಕೆಲಸಕ್ಕೆ ಸಾಲದು.

ಬಾರದ ನಿಧನ ವಾರ್ತೆ

ಪತ್ರಿಕೆಯ ವಿಷಯ ಬೇಗ ಹೇಳಿ ಮುಗಿಸಬಹುದು. ಜಾನ್ಸನ್ ಸಾವಿನ ಸುದ್ದಿ ಆ ವಾರ ಯಾವ ಪತ್ರಿಕೆಯಲ್ಲಿ ಬಂದದ್ದೂ ಇದುವರೆಗೆ ಕಂಡಿಲ್ಲ. ದಕ್ಷಿಣದ ಬಿಳಿಯರ ಪತ್ರಿಕೆಗಳಿಗೆ ಕಪ್ಪು ಜನರ ಸಾವು ಸುದ್ದಿಯೇ ಆಗಿರಲಿಲ್ಲ. ಕೆಲವು ಪತ್ರಿಕೆಗಳು ಅವರಿಗಂತ ಬೇರೆಯೇ ಅಂಕಣ ಇಟ್ಟಿದ್ದವು. ಅದರಲ್ಲಿ ಬರುವವರು ಕೂಡ ಪಾದ್ರಿ, ಮೇಷ್ಟ್ರು, ಸ್ವಂತ ಜಮೀನು ಇದ್ದವರು. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್, ತಾನು ಹಿಂದೆ ಬರೆಯದೆ ಬಿಟ್ಟವರಿಗೆ ತಡವಾಗಿ ನಿಧನ ಲೇಖನ ಬರೆಯುವ ಸರಣಿಯಲ್ಲಿ ಜಾನ್ಸನ್ ಅವರದ್ದನ್ನೂ ಪ್ರಕಟಿಸಿತು. ಅದು 81 ವರ್ಷ ತಡ.

ಸಾಮಾನ್ಯ ಮನೆತನಗಳಿಗೆ ಅಂಥ ಲೇಖನವೂ ಬರುವುದಿಲ್ಲ. ಹಾಗಿದ್ದಾಗ ಬೇರೆ ಬಾಗಿಲು ತಟ್ಟಬೇಕು. ಷಿಕಾಗೊ ಡಿಫೆಂಡರ್ 1905ರಲ್ಲಿ ಶುರುವಾದ ಕಪ್ಪು ಜನರ ಪತ್ರಿಕೆ. ದಕ್ಷಿಣದ ಸಣ್ಣ ಊರುಗಳಿಂದ ಬರುವ ಸುದ್ದಿಗೆ ಅದರಲ್ಲಿ ಜಾಗ ಇತ್ತು. ಉತ್ತರಕ್ಕೆ ವಲಸೆ ಹೋದವರು ಹುಟ್ಟೂರಿನ ಕಾಯಿಲೆ, ಸಾವು, ಮದುವೆ ತಿಳಿಯುತ್ತಿದ್ದದ್ದು ಅದರಿಂದ. ಸತ್ತವರ ಹೆಸರಿಗಿಂತ ಊರಿನ ಹೆಸರು ಹಾಕಿ ಆ ಅಂಕಣಗಳನ್ನು ಓದಿದರೆ ಫಲ ಜಾಸ್ತಿ. ಸತ್ತವರದ್ದು ಸಿಗದಿದ್ದರೆ ಅವರ ಅಕ್ಕ ತಂಗಿ, ಅಣ್ಣ ತಮ್ಮಂದಿರದ್ದು ಹುಡುಕಿ. 30, 40 ವರ್ಷ ಜಾಸ್ತಿ ಬದುಕಿ ಬೇರೆ ರಾಜ್ಯದಲ್ಲಿ ತೀರಿಕೊಂಡ ಅಕ್ಕನ ನಿಧನ ವಾರ್ತೆಯಲ್ಲಿ, ಮೊದಲೇ ಹೋದ ತಮ್ಮನ ಹೆಸರೂ ಹೆತ್ತವರ ಹೆಸರೂ ಇರುತ್ತದೆ. ಹೆಂಗಸರ ವಾರ್ತೆ ಹುಡುಕುವಾಗ ಗಂಡನ ಹೆಸರಿಗೆ ಮೊದಲು ಮಿಸೆಸ್ ಸೇರಿಸಿ ನೋಡಿ, ಆ ಕಾಲದ ಪತ್ರಿಕೆಗಳು ಎಷ್ಟೋ ಸಲ ಹೆಂಗಸಿನ ಸ್ವಂತ ಹೆಸರನ್ನೇ ಅಚ್ಚು ಮಾಡುತ್ತಿರಲಿಲ್ಲ. ಅಮೆರಿಕದ ಸಂಸತ್ ಗ್ರಂಥಾಲಯದ ಕ್ರಾನಿಕ್ಲಿಂಗ್ ಅಮೆರಿಕ ತಾಣದಲ್ಲಿ ಹಳೆಯ ಪತ್ರಿಕೆಗಳನ್ನು ಪುಕ್ಕಟೆ ಓದಬಹುದು. ಮಸುಕಾದ ಅಚ್ಚನ್ನು ಯಂತ್ರ ತಪ್ಪಾಗಿ ಓದಿರುತ್ತದೆ, ಹಾಗಾಗಿ ಆ ವಾರದ ಪುಟಗಳನ್ನು ಒಂದೊಂದಾಗಿ ಕಣ್ಣಲ್ಲೇ ನೋಡುವುದು ವಾಸಿ. ಚರ್ಚಿನ ಪುಸ್ತಕ, ಶವಸಂಸ್ಕಾರ ನಡೆಸುವ ಅಂಗಡಿಯ ಲೆಕ್ಕದ ಪುಸ್ತಕ, ಇವೂ ನಿಧನ ವಾರ್ತೆ ಇಲ್ಲದ ಕಡೆ ಕೈ ಹಿಡಿಯುತ್ತವೆ. ಜಾನ್ಸನ್ ಅವರಿಗೆ ಅದೂ ಇಲ್ಲ. ಪೆಟ್ಟಿಗೆ ಕೌಂಟಿಯದ್ದು.

ಒಬ್ಬರಿಗೆ ನಾಲ್ಕು ಮನೆತನದ ಹೆಸರು

ಪತ್ರದ ಮೇಲಿನ ಜೂಲಿಯಾ ಮೇಜರ್, ನೋವಾ ಜಾನ್ಸನ್ ಎನ್ನುವ ಎರಡು ಹೆಸರು ಮುಂದಿನ ಹುಡುಕಾಟಕ್ಕೆ ಬೀಗದ ಕೈ ಆಯಿತು. ಆ ಕುಟುಂಬದ ಕಥೆ ಗೊತ್ತಾದರೆ ದಾಖಲೆಗಳು ಯಾಕೆ ಹೊಂದುವುದಿಲ್ಲ ಅಂತ ಅರ್ಥವಾಗುತ್ತದೆ. ಜೂಲಿಯಾ ಅವರ ಗಂಡ ಚಾರ್ಲ್ಸ್ ಡಾಡ್ಸ್. ಹೇಝಲ್‌ಹರ್ಸ್ಟ್‌ನಲ್ಲಿ ಸ್ವಂತ ಜಮೀನು ಇದ್ದ ಕಪ್ಪು ಕುಟುಂಬ. ಬಿಳಿಯ ಜಮೀನ್ದಾರರ ಜೊತೆ ಜಗಳವಾಗಿ ಚಾರ್ಲ್ಸ್ ಊರು ಬಿಟ್ಟು ಓಡಿಹೋಗಬೇಕಾಯಿತು. ಪಕ್ಕದ ಟೆನೆಸೀ ರಾಜ್ಯದ ಮೆಂಫಿಸ್‌ನಲ್ಲಿ ಸ್ಪೆನ್ಸರ್ ಅಂತ ಹೆಸರು ಬದಲಾಯಿಸಿಕೊಂಡು ಬದುಕಿದರು. ಆಮೇಲೆ ಜೂಲಿಯಾ ಮತ್ತು ನೋವಾ ಜಾನ್ಸನ್ ಅವರಿಗೆ ಹುಟ್ಟಿದ ಮಗು ರಾಬರ್ಟ್. ಚಿಕ್ಕಂದಿನಲ್ಲಿ ಮೆಂಫಿಸ್‌ನ ಮನೆಯಲ್ಲಿದ್ದಾಗ ರಾಬರ್ಟ್ ಸ್ಪೆನ್ಸರ್. ತಾಯಿ ಮುಂದೆ ಡಸ್ಟಿ ವಿಲ್ಲಿಸ್ ಅವರನ್ನು ಮದುವೆಯಾದಾಗ ಆ ಮನೆಯ ಹುಡುಗ. ದೊಡ್ಡವನಾಗಿ ಹೆತ್ತ ತಂದೆಯ ವಿಷಯ ತಿಳಿದ ಮೇಲೆ ಜಾನ್ಸನ್.

ಡಾಡ್ಸ್, ಸ್ಪೆನ್ಸರ್, ವಿಲ್ಲಿಸ್, ಜಾನ್ಸನ್. ಬರೀ ಜಾನ್ಸನ್ ಅಂತ ಹುಡುಕಿದವರಿಗೆ ಬಾಲ್ಯದ ಒಂದು ದಾಖಲೆಯೂ ಸಿಗುತ್ತಿರಲಿಲ್ಲ. ಹೆಸರು ಬದಲಾದದ್ದಕ್ಕೆ ಹಿಂದೆ ಜೀವ ಉಳಿಸಿಕೊಳ್ಳುವ ಕಾರಣ ಇತ್ತು. ಇಂಥ ಮನೆತನಗಳಲ್ಲಿ ತಾಯಿಯ ಹೆಸರನ್ನು ಹಿಡಿದು ಹೋಗುವುದೇ ಸುರಕ್ಷಿತ. ಗಂಡು ಹೆಸರುಗಳು ಬದಲಾಗುತ್ತಾ ಹೋದರೂ ಜೂಲಿಯಾ ಎಲ್ಲ ಕಡೆ ಜೂಲಿಯಾನೇ. 1972ರಲ್ಲಿ ಮ್ಯಾಕ್ ಮೆಕಾರ್ಮಿಕ್, ಮರುವರ್ಷ ಸ್ಟೀವ್ ಲವೀರ್, ಬ್ಲೂಸ್ ಇತಿಹಾಸ ಹುಡುಕುತ್ತಿದ್ದ ಈ ಇಬ್ಬರೂ ಬೇರೆ ಬೇರೆಯಾಗಿ ಜಾನ್ಸನ್ ಅವರ ಅಕ್ಕ ಕ್ಯಾರಿ ಥಾಂಪ್ಸನ್ ಅವರನ್ನು ತಲುಪಿದರು. ಕ್ಯಾರಿ ಅವರ ಹತ್ತಿರ ತಮ್ಮನ ಫೋಟೋ ಇತ್ತು. ಹೊರಗಿನವರು ಇಷ್ಟು ವರ್ಷ ಹುಡುಕುತ್ತಿದ್ದ ಎಷ್ಟೋ ವಿಷಯ ಆ ಮನೆಯವರಿಗೆ ಮೊದಲಿನಿಂದಲೂ ಗೊತ್ತಿತ್ತು, ಯಾರೂ ಹೋಗಿ ಕೇಳಿರಲಿಲ್ಲ.

ಆಮೇಲೆ ಹಣ ಬಂತು. 1990ರಲ್ಲಿ ಬಂದ ಜಾನ್ಸನ್ ಅವರ ಪೂರ್ತಿ ಹಾಡುಗಳ ರೆಕಾರ್ಡು ಸೆಟ್ಟು ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ವಾರಸುದಾರ ಯಾರು ಅನ್ನುವ ಪ್ರಶ್ನೆ ಲಿಫ್ಲೋರ್ ಕೌಂಟಿಯ ಚಾನ್ಸರಿ ಕೋರ್ಟಿಗೆ ಹೋಯಿತು. ಮಿಸಿಸಿಪ್ಪಿಯ ಕ್ರಿಸ್ಟಲ್ ಸ್ಪ್ರಿಂಗ್ಸ್‌ನಲ್ಲಿ ಜಲ್ಲಿ ಲಾರಿ ಓಡಿಸುತ್ತಿದ್ದ ಕ್ಲಾಡ್ ಜಾನ್ಸನ್, ನಾನು ಅವರ ಮಗ ಅಂತ ಬಂದರು. ಅವರ ಕೈಯಲ್ಲಿದ್ದ ಕಾಗದ 1931ರ ಜನನ ಪತ್ರ. ತಂದೆಯ ಹೆಸರಿನ ಜಾಗದಲ್ಲಿ ಆರ್.ಎಲ್. ಜಾನ್ಸನ್, ಕಸುಬು ಕೂಲಿ ಅಂತ ಇತ್ತು. ಅದೊಂದೇ ಸಾಲುತ್ತಿರಲಿಲ್ಲ. ತಾಯಿಯ ಗೆಳತಿ ಅವರಿಬ್ಬರ ಸಂಬಂಧವನ್ನು ತಾನು ಕಣ್ಣಾರೆ ಕಂಡದ್ದು ಅಂತ ಸಾಕ್ಷಿ ಹೇಳಿದರು. 1998ರಲ್ಲಿ ಕೋರ್ಟು ಕ್ಲಾಡ್ ಅವರೇ ವಾರಸುದಾರ ಅಂತ ತೀರ್ಪು ಕೊಟ್ಟಿತು. 2000ದಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಜನನ ಪತ್ರದಲ್ಲಿ ಕೂಲಿ, ಮರಣ ಪತ್ರದಲ್ಲಿ ಸಂಗೀತಗಾರ. ಇಬ್ಬರೂ ಬೇರೆ ಬೇರೆ ಅಂದುಕೊಳ್ಳುವುದು ಎಷ್ಟು ಸುಲಭ ನೋಡಿ. ಎರಡೂ ನಿಜ. ಒಂದೇ ಮನುಷ್ಯ ಹೊಲದಲ್ಲೂ ದುಡಿದ, ಗಿಟಾರನ್ನೂ ನುಡಿಸಿದ. ಕೇಳಿದವರಿಗೆ ಯಾರು ಯಾವಾಗ ಏನು ಹೇಳಿದರೋ ಅದು ಕಾಗದಕ್ಕೆ ಬಂತು.

ಝಯಾನ್ ಚರ್ಚ್ ಯಾವುದು

ಪತ್ರದಲ್ಲಿ ಹೂಳಿದ ಜಾಗ ಝಯಾನ್ ಚರ್ಚ್. ಅಷ್ಟೇ. ಆ ಹೆಸರಿನ ಹಿಂದೆ ಮುಂದೆ ಒಂದು ಪದ ಸೇರಿಸಿಕೊಂಡ ಚರ್ಚುಗಳು ಆ ಕಡೆ ಒಂದಲ್ಲ ಎರಡಲ್ಲ. ಈಗ ಲಿಫ್ಲೋರ್ ಕೌಂಟಿಯಲ್ಲಿ ಜಾನ್ಸನ್ ಹೆಸರಿನ ಕಲ್ಲು ಮೂರು ಕಡೆ ಇದೆ. ಮೋರ್ಗನ್ ಸಿಟಿ ಹತ್ತಿರ ಮೌಂಟ್ ಝಯಾನ್ ಚರ್ಚಿನಲ್ಲಿ ಒಂದು. ಕ್ವಿಟೊ ಹತ್ತಿರ ಪೇಯ್ನ್ ಚಾಪೆಲ್‌ನಲ್ಲಿ ಒಂದು. ಗ್ರೀನ್‌ವುಡ್‌ನಿಂದ ಉತ್ತರಕ್ಕೆ, ಮನಿ ಎನ್ನುವ ಊರಿಗೆ ಹೋಗುವ ರಸ್ತೆಯಲ್ಲಿ ಲಿಟಲ್ ಝಯಾನ್ ಚರ್ಚಿನಲ್ಲಿ ಮೂರನೆಯದು.

ಗೋರಿಯ ಫೋಟೋ ಇಟ್ಟುಕೊಂಡ ತಾಣಗಳನ್ನು ನೆಚ್ಚಿಕೊಳ್ಳುವವರು ಇದನ್ನು ಗಮನಿಸಬೇಕು. ಕಲ್ಲು ಅಲ್ಲಿದೆ ಅಂದರೆ ಅಲ್ಲಿ ಯಾರೋ ಕಲ್ಲು ನೆಟ್ಟಿದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ. ಮೂರೂ ಕಲ್ಲು ಬಂದದ್ದು ಸಾವಾಗಿ 50 ವರ್ಷದ ಮೇಲೆ.

ನನಗೆ ಲಿಟಲ್ ಝಯಾನ್ ಕಡೆಗೇ ಒಲವು. ಅಲ್ಲಿಯ ಒಬ್ಬ ಹಿರಿಯ ಹೆಂಗಸು, ತನ್ನ ಗಂಡನೇ ಆ ಗುಂಡಿ ತೋಡಿದ್ದು, ಅವರು ಅಗೆಯುತ್ತಿದ್ದಾಗ ತಾನು ನೀರು ಕೊಂಡೊಯ್ದು ಕೊಟ್ಟೆ ಅಂತ ಹೇಳಿದ್ದಾರೆ. ಹೇಳಿದ್ದು 60 ವರ್ಷ ಕಳೆದ ಮೇಲೆ, ನಿಜ. ಆದರೆ ಚರ್ಚಿನ ಹೆಸರಲ್ಲಿ ಝಯಾನ್ ಇದೆ, ಗ್ರೀನ್‌ವುಡ್‌ಗೆ ಹತ್ತಿರದಲ್ಲಿದೆ, ಆಗಸ್ಟ್‌ನ ಬಿಸಿಲಲ್ಲಿ ಶವವನ್ನು ಬಹಳ ದೂರ ಸಾಗಿಸುವವರೂ ಅಲ್ಲ. ಪೇಯ್ನ್ ಚಾಪೆಲ್ ಪತ್ರದ ಹೆಸರಿಗೇ ಹೊಂದುವುದಿಲ್ಲ. ಮೌಂಟ್ ಝಯಾನ್ ಹೆಸರಿಗೆ ಹೊಂದುತ್ತದೆ, ಆದರೆ ಅಲ್ಲಿ ಹೂಳಿದ್ದನ್ನು ಕಂಡೆ ಅನ್ನುವ ಇಂಥ ಸಾಕ್ಷಿ ಅಲ್ಲಿಲ್ಲ. ಹಾಗಾಗಿ ವಂಶವೃಕ್ಷದಲ್ಲಿ ಬರೆಯುವುದಾದರೆ ನಾನು ಹೀಗೆ ಬರೆಯುತ್ತೇನೆ: ಹೂಳಿದ್ದು ಝಯಾನ್ ಚರ್ಚ್, ಲಿಫ್ಲೋರ್ ಕೌಂಟಿ, ಮರಣಪತ್ರದ ಪ್ರಕಾರ, ಬಹುಶಃ ಲಿಟಲ್ ಝಯಾನ್, ಗುಂಡಿ ತೋಡಿದವರ ಹೆಂಡತಿಯ ಹೇಳಿಕೆಯ ಪ್ರಕಾರ. ಸಾವಿಗೆ ಕಾರಣ ಅನ್ನುವ ಕಡೆ ಸಿಫಿಲಿಸ್ ಅಂತಲೂ ಬರೆಯುವುದಿಲ್ಲ, ವಿಷ ಅಂತಲೂ ಬರೆಯುವುದಿಲ್ಲ. ಡಾಕ್ಟರ್ ನೋಡಲಿಲ್ಲ, ಜಮೀನಿನ ಮಾಲೀಕ ಕರೆಸಲಿಲ್ಲ ಅಂತ ಬರೆಯುತ್ತೇನೆ.